ಬಸವಪ್ರಭುವಿನ ಪಥ್ಯ

ಮದುವೆಯಾಗಿ ನಾಲ್ಕು ವರ್ಷವಾದರೂ ತ್ರಿವೇಣಿ ಬಸುರಾಗಲಿಲ್ಲ. ಹಾಗಾಗಿ ಅವಳು ಏನು ತಿನ್ನಬೇಕು, ಹೇಗೆ ನಡೆಯಬೇಕು, ಯಾವ ಮಗ್ಗುಲಿಗೆ ಮಲಗಬೇಕು ಎಂಬುದನ್ನೆಲ್ಲ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ನಿರ್ಧರಿಸತೊಡಗಿದ್ದರು. ಪುಣೆಯ ಖಡಕಿಯಲ್ಲಿದ್ದ ಅವರ ಮನೆಗೆ ಅತ್ತೆ ಕಲ್ಲವ್ವ ಜಮಖಂಡಿಯಿಂದ ಬಂದಿಳಿದದ್ದೂ ಈ ಕೆಲಸಕ್ಕೇ. ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದವಳು ಹದಿನಾಲ್ಕು ತಿಂಗಳಾದರೂ ಇದ್ದಳು. ಸೊಸೆಯ ಹೊಟ್ಟೆಯ ಉಸ್ತುವಾರಿ ಅಂದರೆ ಸುಮ್ಮನೆಯೆ?

ಬೆಳಿಗ್ಗೆ ಎದ್ದ ಕೂಡಲೇ ಬೇವಿನ ರಸ. ಚಹಾ ಬಂದ್. ಪಪ್ಪಾಯಿ, ಅನಾನಸ್ ಮನೆಯೊಳಗೆ ಕಾಲಿಡಕೂಡದು. ಶಿವಾಜಿನಗರದ ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ತ್ರಿವೇಣಿ ಬಸ್ಸಿನ ಹಿಂದೆ ಓಡಕೂಡದು. ಬಸ್ಸು ಇವಳಿಗಾಗಿ ನಿಂತರೆ ಹತ್ತಬಹುದು. ಕೆಳಗಿನ ಮನೆಯ ಗೌರಾಬಾಯಿ ದಿನಾ ನಲವತ್ತು ನಿಮಿಷ ನಡೆದರೇ ಫಲ ಅಂದಳು. ಕಲ್ಲವ್ವ, ನಡೆದರೆ ಗರ್ಭ ಜಾರುತ್ತದೆ ಅಂದಳು. ಇನ್ನೂ ನಿಲ್ಲದ ಗರ್ಭ ಜಾರುವುದು ಹೇಗೆಂದು ಯಾರೂ ಕೇಳಲಿಲ್ಲ. ಕೊನೆಗೆ ಇಬ್ಬರೂ ರಾಜಿಯಾಗಿ, ನಡೆಯಬಹುದು, ಆದರೆ ಸಾವಕಾಶ ಎಂದು ಗೊತ್ತುಮಾಡಿದರು. ಪಾರ್ಕಿಂಗಿನಲ್ಲಿ ನಿಂತ ಸ್ಕೂಟರುಗಳಿಗೆ ತ್ರಿವೇಣಿ ದಿನಾ ಸಂಜೆ ಪ್ರದಕ್ಷಿಣೆ ಹಾಕಿದಳು.

ಗಂಡ ಬಸವಪ್ರಭುವೂ ಕೈಕಟ್ಟಿ ಕೂತಿರಲಿಲ್ಲ. ನೀರೆತ್ತುವ ಪಂಪು, ಮೋಟಾರು ಮಾರುವ ಅಂಗಡಿ ಅವನದು. ಊಟವಾದ ಮೇಲೆ ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ, ತುಟಿಯ ಸಂದಿಗೆ ಇಟ್ಟುಕೊಂಡು, ಫೋನಿನಲ್ಲಿ ಬಂದ ಆರೋಗ್ಯದ ಮಾತುಗಳನ್ನು ಅವಳಿಗೆ ಓದಿ ಹೇಳುವನು. "ಕೇಳಿಲ್ಲೆ, ದುಶ್ಚಟದಿಂದ ದೂರ ಇರಬೇಕಂತ. ನೀ ಚಹಾ ಬಿಟ್ಟಿದ್ದು ಭಾಳ ಛಲೋ ಆತು ನೋಡು." ಬಾಯಿ ತುಂಬಿದ್ದರಿಂದ ಉಪದೇಶ ಅರ್ಧ ಮಾತ್ರ ತಿಳಿಯುತ್ತಿತ್ತು, ಅಷ್ಟೇ ಪುಣ್ಯ. ತನ್ನ ಆರೋಗ್ಯಕ್ಕೆಂದು ಅವನು ಜಿಮ್ ಸೇರಿದ್ದ. ಅಲ್ಲಿ ಐದು ನಿಮಿಷ ಕೈಕಾಲು ಆಡಿಸಿ, ಅರ್ಧ ತಾಸು ಬಿಸಿ ಹಬೆಯ ಕೋಣೆಯಲ್ಲಿ ಕೂತು ಬರುವನು. ಬೆವರು ಬಂದರೆ ಆಯಿತಲ್ಲ, ಹೇಗೆ ಬಂತೆಂದು ಕೇಳುವವರಾರು?

ತ್ರಿವೇಣಿಯ ತಪಾಸಣೆಗಳೆಲ್ಲ ಮುಗಿದಾಗ ಡಾಕ್ಟರ್ ಮಂಜರಿ ಕಾಗದಗಳನ್ನು ಮಡಚಿಟ್ಟು, "ನಿಮ್ಮದೆಲ್ಲ ಸರಿಯಾಗಿದೆ. ಯಜಮಾನರು ಯಾವಾಗ ಬರುತ್ತಾರೆ?" ಎಂದು ಮರಾಠಿಯಲ್ಲಿ ಕೇಳಿದರು.

ಯಜಮಾನರಿಗೆ ಇದು ತಮಾಷೆಯಾಗಿ ಕಂಡಿತು. "ನನಗೇನಾಗೇದ? ನಮ್ಮಪ್ಪಗ ಏಳು ಮಕ್ಕಳು!" ಅಪ್ಪನ ಏಳು ಮಕ್ಕಳನ್ನು ಅವನು ತನ್ನ ಸರ್ಟಿಫಿಕೇಟಿನಂತೆ ತೋರಿಸಿದ. ಆಮೇಲೆ ಮೂರು ಸಲ ಡಾಕ್ಟರು ಸಮಯ ಬರೆದ ಚೀಟಿ ಕೊಟ್ಟರು. ಮೂರು ಸಲವೂ ಸರಿಯಾಗಿ ಅದೇ ಹೊತ್ತಿಗೆ ಪುಣೆಯ ಯಾವನೋ ಒಬ್ಬನ ಪಂಪು ಕೆಟ್ಟಿತು.

ತ್ರಿವೇಣಿ ಜಗಳವಾಡಲಿಲ್ಲ. ಜುಲೈ ತಿಂಗಳ ಒಂದು ಭಾನುವಾರ ಆಫೀಸಿನ ಗೆಳತಿಯರ ಜೊತೆ ಲೋಕಲ್ ಹತ್ತಿ ಲೋಣಾವಳಾಕ್ಕೆ ಹೋದಳು. ಮಳೆಯಲ್ಲಿ ನೆನೆದಳು, ಮೂರು ಕಪ್ ಚಹಾ ಕುಡಿದಳು, ಹೊರಟುಹೋಗುತ್ತಿದ್ದ ರೈಲಿನ ಹಿಂದೆ ಓಡಿ ಅದನ್ನು ಹಿಡಿದೂ ಬಿಟ್ಟಳು. ಬರುವಾಗ ಸ್ಟೇಷನ್ನಿನ ಹೊರಗೆ ಒಂದು ಪಪ್ಪಾಯಿ ಕೊಂಡು, ಮನೆಗೆ ಬಂದು ನಡುಮನೆಯಲ್ಲೇ ಹೆಚ್ಚಿಕೊಂಡು ಕೂತಳು.

ಕಲ್ಲವ್ವ ಎದೆ ಹಿಡಿದುಕೊಂಡಳು. "ಏನ ಅನಾಹುತ ಮಾಡಾಕತ್ತೀಯವ್ವಾ!"

"ಅನಾಹುತ ಆಗ್ಲಿಕ್ಕೆ ಮೊದ್ಲ ಏನರ ಆಗಿರಬೇಕಲ್ಲರೀ ಅತ್ತಿ" ಎಂದು ತ್ರಿವೇಣಿ ಇನ್ನೊಂದು ಹೋಳು ಬಾಯಿಗಿಟ್ಟಳು. "ನಿಮ್ಮ ಮಗಾ ಡಾಕ್ಟರ ಕಡೆ ಬರೋತನಕಾ ನಾ ದಿನಾ ಇದನ್ನ ತಿನ್ನಾಕಿ."

ಡಾಕ್ಟರ ಮೂರು ಚೀಟಿಗಳಿಂದ ಆಗದ ಕೆಲಸ ಒಂದು ಹಣ್ಣಿನಿಂದ ಆಯಿತು. ಬುಧವಾರ ಕಲ್ಲವ್ವ ತಾನೇ ಮಗನ ಕೈಗೆ ಚಪ್ಪಲಿ ಕೊಟ್ಟು ಹೊರಗೆ ದೂಡಿದಳು.

ವಾರದ ನಂತರ ವರದಿ ಬಂತು. ಅವನ ವೀರ್ಯದಲ್ಲಿ ವೀರ್ಯಾಣುಗಳು ಬೇಕಾದಷ್ಟಿರಲಿಲ್ಲ. ಇದ್ದವಕ್ಕೂ ಚಲನೆ ಸಾಲದು. ಡಾಕ್ಟರು ಕೇಳಿದರು: "ತಂಬಾಕು?"

"ಭಾಳ ಇಲ್ಲರೀ. ಊಟ ಆದಮ್ಯಾಲೆ."

"ದಿನಕ್ಕ ಎಂಟು ಊಟ ಮಾಡ್ತಾರ್ರೀ" ಎಂದಳು ತ್ರಿವೇಣಿ, ಡಾಕ್ಟರಿಗೆ ತಿಳಿಯಲೆಂದು ಮರಾಠಿಯಲ್ಲೂ ಹೇಳಿ.

ಹಬೆಯ ಕೋಣೆಯ ಸಂಗತಿ ಕೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ವೀರ್ಯ ಹುಟ್ಟುವ ಭಾಗಕ್ಕೆ ಶಾಖ ಆಗದು, ಅದಕ್ಕೇ ದೇವರು ಅದನ್ನು ಹೊರಗೆ ಇಟ್ಟಿದ್ದಾನೆ ಎಂದು ವಿವರಿಸಿದರು. ತಂಬಾಕು ಪೂರ್ತಿ ಬಂದ್, ಹಬೆ ಬಂದ್, ಹೊಟ್ಟೆ ಕರಗಬೇಕು, ಹೊತ್ತಿಗೆ ಸರಿಯಾಗಿ ನಿದ್ದೆ ಆಗಬೇಕು, ಬರೆದುಕೊಟ್ಟ ಗುಳಿಗೆ ನುಂಗಬೇಕು. ಮೂರು ತಿಂಗಳ ಮೇಲೆ ಮತ್ತೆ ನೋಡೋಣ. ಬಸವಪ್ರಭು ಆಸೆಯಿಂದ, "ಮತ್ತ ಈಕಿಗೆ?" ಎಂದ.

"ಅವರು ಫೋಲಿಕ್ ಆಸಿಡ್ ಗುಳಿಗೆ ತಗೊಂಡು ಎಂದಿನಂತೆ ಉಂಡುತಿಂದು ಇದ್ದರೆ ಸಾಕು."

ಮನೆಗೆ ಬಂದು ಅವನು ತಾಯಿಗೆ, "ಇಬ್ಬರಿಗೂ ಪಥ್ಯ ಹೇಳ್ಯಾರ" ಎಂದ. ತ್ರಿವೇಣಿಗೆ ತಡೆಯಲಾಗಲಿಲ್ಲ. "ಇಬ್ಬರಿಗೂ ಅಲ್ಲರೀ ಅತ್ತಿ. ಅವರಿಗೆ" ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಕಲ್ಲವ್ವ ಮಗನ ಮುಖವನ್ನೂ ನೋಡಲಿಲ್ಲ, ಸೊಸೆಯ ಮುಖವನ್ನೂ ನೋಡಲಿಲ್ಲ. ಎದ್ದು ಅಡಿಗೆಮನೆಗೆ ಹೋದಳು. ಇನ್ನು ತುಪ್ಪದ ಉಂಡೆ ಕಟ್ಟಿ ಮಗನನ್ನು ಸಮಾಧಾನ ಮಾಡುತ್ತಾಳೆ ಎಂದುಕೊಂಡಳು ತ್ರಿವೇಣಿ.

ಮರುದಿನ ಸಂಜೆ ಇಬ್ಬರೂ ಮೆಂತೆಸೊಪ್ಪು ಬಿಡಿಸುತ್ತ ಕೂತಾಗ ಕಲ್ಲವ್ವ ತಾನಾಗಿಯೇ ಬಾಯಿಬಿಟ್ಟಳು.

"ಏಳು ಮಕ್ಕಳು ಅಂತಾನಲ್ಲ. ಮೊದಲನೇದ್ದು ಹುಟ್ಟಿದ್ದು ಮದುವ್ಯಾಗಿ ಆರು ವರ್ಷಕ್ಕ. ಆರು ವರ್ಷ ನಾ ಬೇವಿನ ರಸಾ ಕುಡದೀನಿ. ನಿಮ್ಮ ಮಾವನವರಿಗೆ ಇನ್ನೊಂದು ಹೆಣ್ಣೂ ನೋಡಿದ್ರು. ಅವರನ್ನ ಮಾತ್ರ ಯಾರೂ ಏನೂ ಕೇಳಲಿಲ್ಲ."

ತ್ರಿವೇಣಿಯ ಕೈ ನಿಂತಿತು. "ಮತ್ತ ಅದನ್ನ ನನಗ್ಯಾಕ ಕುಡಿಸಿದ್ರಿ?"

"ನನಗ ಗೊತ್ತಿದ್ದದ್ದು ಅದೊಂದ ನೋಡವ್ವಾ" ಎಂದಳು ಕಲ್ಲವ್ವ.

ತ್ರಿವೇಣಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡುವುದೆಂದು ತಿಳಿಯದೆ ಸೊಪ್ಪು ಬಿಡಿಸುವುದನ್ನೇ ಮುಂದುವರಿಸಿದಳು.

ಹದಿನಾಲ್ಕು ತಿಂಗಳು ಅಭ್ಯಾಸವಾದ ಉಸ್ತುವಾರಿ ಸುಮ್ಮನೆ ಬಿಟ್ಟುಹೋಗುವಂಥದ್ದಲ್ಲ. ಅದು ಈಗ ಮಗನ ಕಡೆ ತಿರುಗಿತು. ಕಲ್ಲವ್ವ ಅವನ ಅಂಗಿಯ ಕಿಸೆ ತಡವಿ, ಅಂಗಡಿಗೂ ಹೋಗಿ ಗಲ್ಲಾದ ಹಿಂದಿನ ತಂಬಾಕಿನ ಪೊಟ್ಟಣಗಳನ್ನು ಗಟಾರಕ್ಕೆ ಸುರಿದು ಬಂದಳು. ಜಿಮ್ಮಿಗೆ ಫೋನು ಮಾಡಿಸಿ, ಆ ಕೋಣೆಗೆ ತನ್ನ ಮಗನನ್ನು ಬಿಟ್ಟರೆ ನೋಡ್ರಿ ಎಂದು ಕನ್ನಡದಲ್ಲೇ ಬೈದಳು. ಜಿಮ್ಮಿನವನಿಗೆ ಕನ್ನಡ ಬಾರದಿದ್ದರೂ ಅರ್ಥವಾಯಿತಂತೆ. ಬಸವಪ್ರಭು ಮೊದಲ ಹತ್ತು ದಿನ ಲೋಕವೇ ತನಗೆ ಅನ್ಯಾಯ ಮಾಡಿದೆಯೆಂಬಂತೆ ತಿರುಗಿದ. ಒಂದು ಸಲ ಕದ್ದು ತಿಂದು ಸಿಕ್ಕಿಬಿದ್ದ. ಆಮೇಲೆ ಬಿಟ್ಟ. ಬೆಳಿಗ್ಗೆ ಕಂಟೋನ್ಮೆಂಟ್ ರಸ್ತೆಯಲ್ಲಿ ಬಿರಬಿರನೆ ನಡೆಯತೊಡಗಿದ. ತ್ರಿವೇಣಿ ಅವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

ಮೂರು ತಿಂಗಳ ಮೇಲಿನ ವರದಿ ಸ್ವಲ್ಪ ಸುಧಾರಿಸಿತ್ತು. ಪವಾಡವೇನೂ ಆಗಲಿಲ್ಲ. ಇನ್ನೂ ಮೂರು ತಿಂಗಳು ಹೀಗೇ ಇರಲಿ ಎಂದರು ಡಾಕ್ಟರು.

ಆ ವಾರವೇ ನೆಂಟರೊಬ್ಬರ ಗೃಹಪ್ರವೇಶವಿತ್ತು. ಪಂಕ್ತಿಯಲ್ಲಿ ಕೂತಾಗ ಬಸವಪ್ರಭುವಿನ ದೂರದ ಅಕ್ಕನೊಬ್ಬಳು ಎಲ್ಲರಿಗೂ ಕೇಳುವಂತೆ, "ಏನವ್ವಾ ತ್ರಿವೇಣಿ, ಏನರ ವಿಶೇಷ ಅದ ಏನು?" ಎಂದಳು. ತ್ರಿವೇಣಿ ಉತ್ತರ ಹುಡುಕುವಷ್ಟರಲ್ಲಿ ಬಸವಪ್ರಭು ತಟ್ಟೆ ನೋಡುತ್ತ, "ಔಷಧ ನಡದದ ಅಕ್ಕಾ" ಎಂದ.

"ಔಷಧದಾಗೇನದ? ಕರಿ ಎಳ್ಳು ತಿನ್ನಸು ಆಕಿಗೆ, ಶುಕ್ರವಾರ ಉಪವಾಸ—"

"ಆಕಿಗಲ್ಲ" ಎಂದ ಬಸವಪ್ರಭು. ಕಿವಿಯ ತನಕ ಕೆಂಪಾಗಿದ್ದರೂ ದನಿ ಸ್ಪಷ್ಟವಾಗಿತ್ತು. "ಔಷಧ ನನಗ ನಡದದ."

ಹೆಂಗಸರಿಗೆ ಹೇಳಲು ನೂರು ಉಪಾಯ ಬಲ್ಲ ಆ ಅಕ್ಕನಿಗೆ ಗಂಡಸಿಗೆ ಹೇಳುವ ಒಂದೂ ಗೊತ್ತಿರಲಿಲ್ಲ. ಒಂದು ತುತ್ತು ಬಾಯಿಗಿಟ್ಟುಕೊಂಡು, "ಬದನೀಕಾಯಿ ಭಾಳ ರುಚಿ ಆಗೇದ" ಎಂದಳು.

"ಹೌದ್ರಿ" ಎಂದಳು ತ್ರಿವೇಣಿ. ತಾನೇ ಎದ್ದು ಹೋಗಿ ಪಲ್ಯದ ಪಾತ್ರೆ ತಂದು, ಮೊದಲು ಗಂಡನ ತಟ್ಟೆಗೆ ಬಡಿಸಿದಳು.