ಮೂರನೇ ಉಪಚಾರ

ನ್ಯೂಯಾರ್ಕಿನ ಉತ್ತರ ತುದಿಯ ವುಡ್‌ಲಾನ್‌ನಲ್ಲಿ ಯಾವ ಐರಿಷ್ ಮನೆಗೆ ಹೋದರೂ ಚಹಾ ಬೇಕೇ ಎಂದು ಮೂರು ಸಲ ಕೇಳುತ್ತಾರೆ. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ ಬೇಡ ಅನ್ನಬೇಕು, ಸ್ವಲ್ಪ ಮೆತ್ತಗೆ. ಮೂರನೇ ಸಲ "ಸರಿ, ಅರ್ಧ ಕಪ್ಪು ಸಾಕು" ಎಂದು ಒಪ್ಪಿ, ಕೊಟ್ಟ ಪೂರ್ತಿ ಕಪ್ಪನ್ನು ಕುಡಿಯಬೇಕು. ಇದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಕಲಿಸಿದ್ದಲ್ಲ. ಮಾತು ಬರುವ ವಯಸ್ಸಿಗೆ ಇದೂ ಬಂದುಬಿಡುತ್ತದೆ.

ಮ್ಯಾಲಕಿ ಗಿಲ್ಹೂಲಿ ಈ ನಿಯಮವನ್ನು ಮುರಿದದ್ದು ತನ್ನ ಐವತ್ತೇಳನೇ ವಯಸ್ಸಿನಲ್ಲಿ, ಅದೂ ಸ್ವಂತ ಸೋದರತ್ತೆಯ ಅಡುಗೆಮನೆಯಲ್ಲಿ.

"ಟೀ ಹಾಕ್ಲಾ ಮ್ಯಾಲಕಿ?" ಎಂದಳು ಅಟ್ರಾಕ್ಟ ಅತ್ತೆ.

"ಬೇಡ ಅತ್ತೆ."

"ಒಂದು ಕಪ್ ಕುಡಿಯೋ. ಬ್ರೆಡ್ಡು ಈಗಷ್ಟೇ ಇಳಿಸಿದೀನಿ, ಇನ್ನೂ ಹೊಗೆ ಆಡ್ತಿದೆ."

"ಬೇಡ, ಬೇಡ."

"ಸುಮ್ನೆ ಕೂತ್ಕೊ. ಬೆಣ್ಣೆ ಹಚ್ಚಿ ಕೊಡ್ತೀನಿ."

"ಬೇಡ ಅತ್ತೆ. ನಿಜವಾಗ್ಲೂ ಬೇಡ."

ಅತ್ತೆ ಅವನ ಮುಖ ನೋಡಿದಳು. ಮೇಜಿನ ಮೇಲಿಟ್ಟಿದ್ದ ಎರಡು ಕಪ್ಪುಗಳನ್ನು ಎತ್ತಿ ಮತ್ತೆ ಗೋಡೆಯ ಕೊಕ್ಕೆಗೆ ನೇತುಹಾಕಿದಳು. ನೆತ್ತಿಯ ಮೇಲೆ ಶಿಲುಬೆಯ ಗೀಟು ಎಳೆದಿದ್ದ ದುಂಡನೆಯ ಸೋಡಾ ಬ್ರೆಡ್ಡಿಗೆ ಬಟ್ಟೆ ಮುಚ್ಚಿದಳು. ತನಗೂ ಚಹಾ ಹಾಕಿಕೊಳ್ಳಲಿಲ್ಲ. ಮ್ಯಾಲಕಿ ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ತನ್ನ ಮನೆಗೆ ಹೋದ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಉಪವಾಸದ ದಿನಗಳು, ಅತ್ತೆ ಅರ್ಥ ಮಾಡಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

ಅವನ ಚಿಂತೆಯೆಲ್ಲ ಡೋಲಿನದು. ಅವನ ಅಜ್ಜ ಫೆಲಿಮ್ ಐರಿಷ್ ನಾಡಿನ ಲೀಟ್ರಿಮ್ ಜಿಲ್ಲೆಯಿಂದ ಬಂದು, ಈ ನಗರದ ಕೆಳಗೆ ನೀರಿನ ಸುರಂಗ ಕೊರೆಯುವ ಕೆಲಸಕ್ಕೆ ಸೇರಿದವನು. ಊರಿನವರು ಸೇರಿ ಗಾಳಿಚೀಲದ ಕೊಳಲು ಊದುವ ಪೈಪ್ ಬ್ಯಾಂಡು ಕಟ್ಟಿದಾಗ ದೊಡ್ಡ ಡೋಲು ಹೊತ್ತವನು ಅವನೇ. ಅವನ ನಂತರ ಮಗ, ಮಗನ ನಂತರ ಮೊಮ್ಮಗ ಮ್ಯಾಲಕಿ. ಸುರಂಗದ ಕೆಲಸವೂ ಹಾಗೆಯೇ ಮೂರು ತಲೆಮಾರು ಇಳಿದು ಬಂದಿತ್ತು. ಮಾರ್ಚ್ ಹದಿನೇಳರ ಸಂತ ಪ್ಯಾಟ್ರಿಕ್ ಹಬ್ಬದ ಮೆರವಣಿಗೆಯಲ್ಲಿ, ಐದನೇ ಅವೆನ್ಯೂ ಉದ್ದಕ್ಕೂ, ಗಿಲ್ಹೂಲಿಗಳು ಡೋಲನ್ನು ಒಮ್ಮೆಯೂ ಇನ್ನೊಬ್ಬರ ಹೆಗಲಿಗೆ ಕೊಟ್ಟವರಲ್ಲ ಎಂಬುದು ಆ ಮನೆತನದ ಹೆಮ್ಮೆ. ಮ್ಯಾಲಕಿಯ ಅಪ್ಪ ಇದನ್ನು ಬಾರಿನಲ್ಲಿ ಕೂತಾಗಲೆಲ್ಲ ಹೇಳುತ್ತಿದ್ದ.

ಆದರೆ ಕಳೆದ ವರ್ಷ ಅವೆನ್ಯೂ ಬದಿಯ ದೊಡ್ಡ ಪಾರ್ಕಿನ ಪಕ್ಕಕ್ಕೆ ಬರುವ ಹೊತ್ತಿಗೆ ಮ್ಯಾಲಕಿಯ ತುಟಿ ನೀಲಿಗಟ್ಟಿತ್ತು. ಮೆರವಣಿಗೆ ಮುಗಿದ ಮೇಲೆ ಡೋಲು ಬಿಚ್ಚಲೂ ಆಗದೆ ರಸ್ತೆಯ ಅಂಚಿನಲ್ಲಿ ಕುಸಿದು ಕೂತಿದ್ದ. ಹೊಟ್ಟೆ ಎಷ್ಟು ಮುಂದೆ ಬಂದಿತ್ತೆಂದರೆ ಡೋಲು ಮಾರುದೂರ ನಿಂತು, ಅದನ್ನು ಹೊಡೆಯಲು ಕೈ ಚಾಚಬೇಕಾಗಿತ್ತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದರು ಡಾಕ್ಟರು. ಊಟ ಬಿಡಬೇಡಿ, ತಟ್ಟೆ ಸರಿ ಮಾಡಿಕೊಳ್ಳಿ, ನಡೆಯಿರಿ, ನಿಧಾನವಾಗಿ ಇಳಿಯಲಿ ಎಂದರು. ಬ್ಯಾಂಡಿನ ಮೇಸ್ತ್ರಿ ಕಾಹಲ್ ಮೆಕ್‌ಗ್ಯಾರಿಗಲ್‌ನದು ಇನ್ನೂ ಸರಳ ಮಾತು: "ಮೈ ಇಳಿಸ್ಕೊಂಡು ಬಾ. ಇಲ್ಲಾಂದ್ರೆ ಡೋಲು ಬೇರೆಯವ್ರಿಗೆ. ನಿನ್ನ ಹೆಣ ಹೊರೋಕೆ ನಮ್ಮಲ್ಲಿ ಜನ ಇಲ್ಲ."

ಮ್ಯಾಲಕಿ ವರ್ಷವಿಡೀ ಏನೂ ಮಾಡಲಿಲ್ಲ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವನು ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟ. ಬ್ರೆಡ್ಡಿಲ್ಲ, ಆಲೂಗಡ್ಡೆಯಿಲ್ಲ, ಬೆಣ್ಣೆಯಿಲ್ಲ, ಮಾಂಸವಿಲ್ಲ. ಸಂಜೆಗೊಂದು ಬೇಯಿಸಿದ ಮೊಟ್ಟೆ, ಹಾಲಿಲ್ಲದ ಚಹಾ. ಇದು ದೇವರಿಗೂ ಆಯಿತು, ಡೋಲಿಗೂ ಆಯಿತು ಎಂಬುದು ಅವನ ಲೆಕ್ಕ. ಹೆಂಡತಿ ಊನಾ ನರ್ಸು. "ಆಲೂಗಡ್ಡೆ ಬಿಟ್ಟ ಐರಿಷ್‌ನೋನು! ಪೇಪರ್‌ನೋರಿಗೆ ಫೋನ್ ಮಾಡ್ಲಾ?" ಎಂದು ಮೊದಮೊದಲು ನಕ್ಕಳು. ಆಮೇಲೆ ನಗಲಿಲ್ಲ. "ರೀ, ಇದು ಉಪವಾಸ ಅಲ್ಲ, ಹಟ," ಎಂದಳು.

ಅತ್ತೆಯ ಮನೆಯಲ್ಲಿ ಚಹಾ ಬೇಡವೆಂದ ಮರುದಿನವೇ ಚರ್ಚಿನ ಕೆಳಗಿನ ಹಾಲಿನಲ್ಲಿ ಬ್ಯಾಂಡಿನ ಅಭ್ಯಾಸವಿತ್ತು. ಎರಡನೇ ಟ್ಯೂನ್ ಶುರುವಾಗುವಾಗ ಮ್ಯಾಲಕಿಗೆ ಪೈಪುಗಳ ಸದ್ದು ದೂರ ಹೋದಂತಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದ. ಪಕ್ಕದಲ್ಲಿ ಡೋಲು ಮಗುಚಿಕೊಂಡಿತ್ತು, ಅದರ ಮರದ ಬಳೆ ಒಂದು ಕಡೆ ಸೀಳಿತ್ತು.

"ಡೋಲಿಗೇನಾಯ್ತು?" ಎಂದ.

"ಮೊದ್ಲು ನಿನಗೇನಾಯ್ತು ಕೇಳು, ಕತ್ತೆ," ಎಂದ ಕಾಹಲ್. ಮುಖ ಬೆಳ್ಳಗಾಗಿತ್ತು. ತನ್ನ ಮಗಳು ಗ್ರಾನ್ಯಾಳನ್ನು ಕರೆದ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುವ ಅವಳು, ಚಿಕ್ಕ ಡೋಲು ಬಾರಿಸುವವಳು, ದೊಡ್ಡದನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿದಳು. "ಈ ವರ್ಷ ಇವಳು ಹೊರ್ತಾಳೆ. ನೀನು ಮಾತಾಡಬೇಡ."

ಮ್ಯಾಲಕಿ ನೆಲದಲ್ಲಿ ಬಿದ್ದಿದ್ದ ಡೋಲಿನ ಕೋಲುಗಳನ್ನು ಎತ್ತಿ ಅವಳತ್ತ ಚಾಚಿದ.

ಆ ಸಂಜೆ ಅಟ್ರಾಕ್ಟ ಅತ್ತೆ ಮೆಟ್ಟಿಲು ಹತ್ತಿ ಬಂದಳು. ತೊಂಬತ್ತಕ್ಕೆ ಹತ್ತಿರವಾದ ಆಕೆ ಆ ಮೆಟ್ಟಿಲು ಹತ್ತಿ ವರ್ಷಗಳಾಗಿದ್ದವು. ಒಂದು ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಬುಟ್ಟಿ, ಅದರಲ್ಲಿ ಮುಚ್ಚಿದ ತಟ್ಟೆ. ಸಿಪ್ಪೆಸಮೇತ ಬೇಯಿಸಿದ ಒಂದು ಆಲೂಗಡ್ಡೆ, ಕೋಸು, ಒಂದು ತುಂಡು ಮೀನು, ಸೀಸೆಯಲ್ಲಿ ಮಜ್ಜಿಗೆ.

"ಇವತ್ತು ನಾನು ಕೇಳೋದಿಲ್ಲ. ತಿನ್ನು," ಎಂದಳು.

ಅವನು ತಿಂದ. ತಟ್ಟೆ ಖಾಲಿಯಾಗುವವರೆಗೆ ಅತ್ತೆ ಕಿಟಕಿಯ ಕಡೆ ನೋಡುತ್ತ ಕೂತಿದ್ದಳು.

"ನಿನ್ನೆ ತಪ್ಪಾಯ್ತು ಅತ್ತೆ. ಉಪವಾಸ ಅಂತ..."

"ಯಾಕೆ ಮೂರು ಸಲ ಕೇಳ್ತೀವಿ ಗೊತ್ತೇನೋ ನಿನಗೆ?"

"ಅಭ್ಯಾಸ ಅಲ್ವಾ?"

"ಊರಲ್ಲಿ ಎಷ್ಟೋ ಮನೇಲಿ ಡಬ್ಬ ಖಾಲಿ ಇರ್ತಿತ್ತು. ಇಲ್ಲ ಅನ್ನೋಕೆ ಅವಮಾನ, ಅದಕ್ಕೆ ಕೇಳೋರು. ಬಂದೋರು ಬೇಡ ಅಂದ್ರೆ ಮರ್ಯಾದೆ ಉಳೀತಿತ್ತು. ಎರಡನೇ ಸಲಾನೂ ಹಾಗೇನೇ. ಮೂರನೇ ಸಲ ಕೇಳಿದ್ರು ಅಂದ್ರೆ ನಿಜವಾಗ್ಲೂ ಇದೆ ಅಂತ ಅರ್ಥ. ಆಗ್ಲೂ ಬೇಡ ಅಂದ್ರೆ, ನಿಮ್ಮನೇಲಿ ಏನೂ ಇಲ್ಲ, ನಂಗೊತ್ತು ಅಂದ ಹಾಗೆ."

ಮ್ಯಾಲಕಿ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಮ್ಮಪ್ಪನ ಅಜ್ಜಿ ಬರಗಾಲ ಕಂಡೋಳು. ಹುಲ್ಲು ತಿಂದು ದಾರೀಲಿ ಬಿದ್ದೋರ ಬಾಯಿ ಹಸಿರಾಗಿರ್ತಿತ್ತಂತೆ. ಅವ್ರೇನು ಬೇಕಂತ ಊಟ ಬಿಟ್ಟಿದ್ರಾ? ನೀನು ಆ ಜನದ ಡೋಲು ಹೊರೋಕೆ ಅಂತ ಹೊಟ್ಟೆಗೆ ಕಲ್ಲು ಕಟ್ಕೊಂಡ್ಯಲ್ಲ, ಚೆನ್ನಾಗಿದೆ ಕಣೋ ನಿನ್ನ ಭಕ್ತಿ."

"ಮತ್ತೆ ಈ ಮೈ ಇಳಿಸೋದು ಹೇಗೆ? ನಮ್ಮ ವಂಶದ ಮೈಕಟ್ಟೇ ಇಂಥದ್ದು."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಯಾವ ವಂಶ? ನಿಮ್ಮಜ್ಜ ಕೊಕ್ಕರೆ ಥರ ಇದ್ದ. ಈ ಹೊಟ್ಟೆ ಲೀಟ್ರಿಮ್‌ದಲ್ಲ, ಮೂಲೆ ಹೋಟೆಲಿಂದು. ಸಾಸೇಜು, ಹಂದಿ, ಮೊಟ್ಟೆ ಎಲ್ಲಾ ಒಂದೇ ತಟ್ಟೇಲಿ ನಾನು ಮೊದ್ಲು ನೋಡಿದ್ದೇ ಇಲ್ಲಿ ಬಂದ್ಮೇಲೆ. ಹಬ್ಬಕ್ಕೆ ಉಪ್ಪು ಹಾಕಿದ ದನದ ಮಾಂಸ ತಿಂತೀರಲ್ಲ, ಅದನ್ನ ಅಮ್ಮ ಕಲಿತಿದ್ದು ಬ್ರಾಂಕ್ಸ್‌ನ ಯೆಹೂದಿ ಕಟುಕನ ಅಂಗಡೀಲಿ. ಊರಲ್ಲಿ ನಮಗೆ ಓಟ್ಸ್ ಗಂಜಿ, ಕೋಸು, ಆಲೂಗಡ್ಡೆ, ಮಜ್ಜಿಗೆ. ಸ್ಕೂಲಿಗೆ, ಚರ್ಚಿಗೆ, ಹೊಲಕ್ಕೆ ನಡಿಗೆ. ನಾಳೆಯಿಂದ ಕೆಳಗೆ ಬಂದು ಊಟ ಮಾಡು."

ಆ ವರ್ಷದ ಹಬ್ಬದಂದು ಮ್ಯಾಲಕಿ ಅತ್ತೆಯ ಗಾಲಿಕುರ್ಚಿಯ ಹಿಂದೆ ಪಾದಚಾರಿ ದಾರಿಯಲ್ಲಿ ನಿಂತಿದ್ದ. ಬಳೆ ರಿಪೇರಿಯಾದ ಡೋಲು ಗ್ರಾನ್ಯಾಳ ಎದೆಯ ಮೇಲೇರಿ ಅವರೆದುರು ಹಾದುಹೋಯಿತು. ಅವಳು ಒಂದು ಏಟೂ ತಪ್ಪಲಿಲ್ಲ. ತಪ್ಪಿದ್ದರೆ ತನಗೆ ಸಮಾಧಾನವಾಗುತ್ತಿತ್ತೇನೋ ಎಂದುಕೊಂಡು, ಹಾಗೆ ಅನಿಸಿದ್ದಕ್ಕೆ ಮ್ಯಾಲಕಿ ನಾಚಿಕೊಂಡ. ಅತ್ತೆ ಹಿಂದಕ್ಕೆ ಕೈ ಚಾಚಿ ಅವನ ಕೈ ಹಿಡಿದಳು. "ಮುಂದಿನ ವರ್ಷ ನಾನಿರ್ತೀನೋ ಇಲ್ವೋ. ಇದ್ರೆ, ಇದೇ ಜಾಗದಲ್ಲಿ ನಿನ್ನ ಎದೆ ಮೇಲೆ ಆ ಡೋಲು ನೋಡ್ಬೇಕು," ಎಂದಳು.

ವರ್ಷವಿಡೀ ಅವನು ಕೆಳಗಿನ ಮನೆಯಲ್ಲಿ ಉಂಡ. ಬೆಳಿಗ್ಗೆ ಗಂಜಿ. ಸಂಜೆ ಕೋಸು, ಒಂದು ಆಲೂಗಡ್ಡೆ, ಮೀನೋ ಕೋಳಿಯೋ ಅಂಗೈಯಷ್ಟು. ಚಹಾದ ಜೊತೆ ಒಂದು ಹೋಳು ಬ್ರೆಡ್ಡು. ಬೆಣ್ಣೆ ಹಚ್ಚುವುದು ಅತ್ತೆಯೇ. "ಬೆಣ್ಣೆ ಕೆಳಗೆ ಬ್ರೆಡ್ಡು ಕಾಣ್ಬೇಕು, ಹಿಮ ಬಿದ್ದ ಹಾಗಿರ್ಬಾರ್ದು," ಎನ್ನುತ್ತಿದ್ದಳು. ಶನಿವಾರಕ್ಕೊಂದು ಬಿಯರಿಗೆ ಅಪ್ಪಣೆಯಿತ್ತು. ಕೆಲಸದಿಂದ ಬಂದ ಮೇಲೆ ವ್ಯಾನ್ ಕಾರ್ಟ್‌ಲ್ಯಾಂಡ್ ಪಾರ್ಕಿನಲ್ಲಿ ನಡಿಗೆ, ಊನಾ ಜೊತೆಗೆ. ಮದುವೆಯಾದ ಮೇಲೆ ಇಷ್ಟು ಮಾತಾಡಿದ್ದೇ ಇಲ್ಲ ಎಂದು ಅವಳು ಒಮ್ಮೆ ಹೇಳಿದಳು. ತೂಕ ಇಳಿಯಿತು, ಕೆಲವು ವಾರ ಅಲ್ಲಾಡಲಿಲ್ಲ, ನವೆಂಬರಿನ ಹಬ್ಬದೂಟಕ್ಕೆ ಮತ್ತೆ ಏರಿತು. ಹೆದರಿ ಊಟ ಬಿಡಲು ಹೊರಟವನಿಗೆ ಅತ್ತೆ ಸೌಟು ತೋರಿಸಿದಳು. ಚಳಿಗಾಲ ಮುಗಿಯುವಾಗ ಬ್ಯಾಂಡಿನ ಸಮವಸ್ತ್ರವಾದ ಕೇಸರಿ ಕಿಲ್ಟು ಲಂಗದ ಬಕಲ್ಲುಗಳನ್ನು ಹಿಂದಕ್ಕೆ ಸರಿಸಿ ಹೊಲಿಯಬೇಕಾಯಿತು. ತೆಳ್ಳಗಾಗಿರಲಿಲ್ಲ. ಅಗಲದ ಮನುಷ್ಯನೇ. ಆದರೆ ಮೆಟ್ಟಿಲು ಹತ್ತುವಾಗ ಮಾತಾಡಬಲ್ಲವನಾಗಿದ್ದ. ಡಾಕ್ಟರು ಸಕ್ಕರೆಯ ಅಂಕಿ ನೋಡಿ, ಏನು ಮಾಡಿದಿರಿ ಎಂದರು. "ಅತ್ತೆ ಮನೇಲಿ ಉಂಡೆ," ಎಂದ.

ಕಾಹಲ್ ಅವನನ್ನು ಡೋಲಿನೊಂದಿಗೆ ಪಾರ್ಕು ಸುತ್ತಿಸಿ ನೋಡಿ ಒಪ್ಪಿದ. "ತಗೋ. ಆದ್ರೆ ಗ್ರಾನ್ಯಾ ಪಕ್ಕದಲ್ಲೇ ನಡೀತಾಳೆ."

"ಗಿಲ್ಹೂಲಿಗಳು ಡೋಲು ಬೇರೆಯವ್ರಿಗೆ ಕೊಡೋರಲ್ಲ ಕಾಹಲ್."

"ಹೌದಪ್ಪ, ನೆಲಕ್ಕೇ ಕೊಡ್ತಾರೆ, ನೋಡಿದೀವಿ."

ಹಬ್ಬದ ದಿನ ಬಿಸಿಲಿತ್ತು, ಎದುರುಗಾಳಿಯೂ ಇತ್ತು. ಗಾಳಿ ಡೋಲಿಗೆ ಹಾಯಿಗೆ ಬಡಿದಂತೆ ಬಡಿಯುತ್ತಿತ್ತು. ಮೊದಮೊದಲು ಮ್ಯಾಲಕಿ ಹಗುರಾಗಿ ನಡೆದ. ಕ್ಯಾಥೆಡ್ರಲ್ ದಾಟಿದಾಗ ಗ್ರಾನ್ಯಾ ಬಗ್ಗಿ ಕೇಳಿದಳು: "ಅಂಕಲ್, ಸ್ವಲ್ಪ ಹೊತ್ತು ತಗೊಳ್ಲಾ?"

"ಬೇಡಮ್ಮ."

ಇನ್ನೊಂದಿಷ್ಟು ದೂರ ಹೋದ ಮೇಲೆ ಉಸಿರು ಚಿಕ್ಕದಾಗತೊಡಗಿತು. "ಕೊಡಿ ಅಂಕಲ್. ನನ್ನ ಕೈ ಸುಮ್ನೆ ಇದೆ."

"ಬೇಡ, ಬೇಡ."

ಅವೆನ್ಯೂ ಬದಿಯ ಆ ದೊಡ್ಡ ಪಾರ್ಕಿನ ಮೂಲೆಯಲ್ಲಿ ಮೆರವಣಿಗೆ ಒಂದು ಗಳಿಗೆ ನಿಂತಿತು. ಅತ್ತೆ ಕಾಯುತ್ತಿದ್ದ ಜಾಗ ಇನ್ನೂ ಹತ್ತು ಹನ್ನೆರಡು ಅಡ್ಡರಸ್ತೆಗಳಾಚೆ. ಹೀಗೇ ಹೋದರೆ ಅಲ್ಲಿಗೆ ಮುಟ್ಟುವುದೇನೋ ಮುಟ್ಟುತ್ತೇನೆ, ನೀಲಿ ತುಟಿಯೊಂದಿಗೆ, ಎಂದು ಮ್ಯಾಲಕಿಗೆ ಗೊತ್ತಾಯಿತು. ಅಷ್ಟರಲ್ಲಿ ಗ್ರಾನ್ಯಾ ಮತ್ತೆ ಕೇಳಿದಳು: "ಅಂಕಲ್, ಕೊಡಿ ಅಂದೆ."

ಮೂರನೇ ಸಲ.

"ಸರಿ," ಎಂದ ಮ್ಯಾಲಕಿ. "ಅರ್ಧ ದಾರಿ ಸಾಕು. ಅತ್ತೆ ಕೂತಿರೋ ಕಡೆ ಬರೋ ಮುಂಚೆ ವಾಪಸ್ ಕೊಡ್ಬೇಕು."

ಅವಳು ಪಟ್ಟಿ ಬಿಚ್ಚಿ ಹಾಕಿಕೊಂಡಳು. ಮ್ಯಾಲಕಿ ಬರಿಗೈಯಲ್ಲಿ ಪಕ್ಕದಲ್ಲಿ ನಡೆದ. ಇಷ್ಟು ವರ್ಷ ಆ ಡೋಲು ಅವನ ಎಲುಬಿನೊಳಗೆ ಬಡಿದಿತ್ತು. ಪೈಪುಗಳ ನಡುವೆ ಸೇರಿ ಅದು ಹೇಗೆ ಕೇಳಿಸುತ್ತದೆ ಎಂಬುದು ಅವನಿಗೆ ಈಗಲೇ ಗೊತ್ತಾದದ್ದು. ಹೋದ ವರ್ಷ ಕೇಳಿದ್ದ, ನಿಜ, ಆದರೆ ಆಗ ಹೊಟ್ಟೆಕಿಚ್ಚಿತ್ತು. ಇದನ್ನೇ ಜನ ದಾರಿ ಬದಿಯಲ್ಲಿ ಚಳಿಯಲ್ಲಿ ನಿಂತು ಕೇಳುತ್ತಿದ್ದರು. ಅವನಿಗೆ ಎಲ್ಲರ ಮೇಲೂ ಪ್ರೀತಿ ಬಂತು: ಗ್ರಾನ್ಯಾಳ ಮೇಲೆ, ಬೈಯುವ ಕಾಹಲ್ ಮೇಲೆ, ಇಷ್ಟು ದೂರ ಸುಮ್ಮನೆ ಹೊತ್ತು ತಂದ ತನ್ನ ಎರಡು ಮಂಡಿಗಳ ಮೇಲೂ.

ಮುಂದೆ ಎರಡು ಅಡ್ಡರಸ್ತೆ ಉಳಿದಾಗ ಅವಳು ಡೋಲನ್ನು ಮರಳಿ ಕೊಟ್ಟಳು. ಉಸಿರು ತಹಬಂದಿಗೆ ಬಂದಿತ್ತು. ಊನಾ ಕೈ ಬೀಸುತ್ತಿದ್ದಳು. ಗಾಲಿಕುರ್ಚಿಯಲ್ಲಿ, ಹಸಿರು ಟೊಪ್ಪಿಯ ಕೆಳಗೆ, ಅಟ್ರಾಕ್ಟ ಅತ್ತೆ ನೆಟ್ಟಗೆ ಕೂತಿದ್ದಳು. ಮ್ಯಾಲಕಿ ಅವಳೆದುರು ಹಾದುಹೋಗುವಾಗ ಅಜ್ಜನ ಡೋಲನ್ನು ಎರಡೂ ಕಡೆಯಿಂದ ಹೊಡೆದ. ಅತ್ತೆ ಕೈ ಬೀಸಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಸಂಜೆ ಕೆಳಗಿನ ಅಡುಗೆಮನೆಯಲ್ಲಿ ಬೂಟು ಬಿಚ್ಚಿ ಕೂತಾಗ ಅವನಿಗೆ ಸುಮ್ಮನಿರಲಾಗಲಿಲ್ಲ.

"ಅತ್ತೆ, ಒಂದು ವಿಷಯ. ಮಧ್ಯದಲ್ಲಿ ಡೋಲು ಕೊಟ್ಬಿಟ್ಟಿದ್ದೆ. ಗ್ರಾನ್ಯಾಗೆ."

"ಎಲ್ಲಿ?"

"ಪಾರ್ಕಿನ ಮೂಲೇಲಿ."

"ನಿಮ್ಮಜ್ಜನೂ ಅಲ್ಲೇ ಕೊಡ್ತಿದ್ದ."

"ಯಾರಿಗೆ?" ಎಂದ ಮ್ಯಾಲಕಿ.

"ಪ್ಯಾಕೀ ಡೋಲನ್ ಅಂತ ಒಬ್ಬ ಇದ್ದ. ಪ್ರತಿ ವರ್ಷ ಆ ಮೂಲೇಲಿ ಅವನಿಗೆ ಕೊಟ್ಟು, ಜೇಬಿಂದ ಸೇಬು ತೆಗೆದು ತಿಂತಾ ಪಕ್ಕದಲ್ಲಿ ನಡೆಯೋನು. ಸೇಬು ಮುಗಿದ್ಮೇಲೆ ವಾಪಸ್ ಇಸ್ಕೊಳ್ಳೋನು."

"ಮತ್ತೆ ಗಿಲ್ಹೂಲಿಗಳು ಕೊಡೋದೇ ಇಲ್ಲ ಅಂತ..."

"ಅದು ನಿಮ್ಮಪ್ಪ ಬಾರಲ್ಲಿ ಕೂತು ಕಟ್ಟಿದ್ದು. ಅವನು ಕೊಡ್ತಿರ್ಲಿಲ್ಲ, ಪಾಪ. ಅರವತ್ತು ದಾಟ್ಲಿಲ್ಲ."

"ನನಗೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೇಳ್ತಿದ್ಯೇನೋ?" ಎಂದು ಅತ್ತೆ ಎದ್ದಳು. ಬ್ರೆಡ್ಡಿನ ಮೇಲಿನ ಬಟ್ಟೆ ತೆಗೆದಳು. "ಟೀ ಹಾಕ್ಲಾ?"

"ಬೇಡ ಅತ್ತೆ, ನಿಮಗ್ಯಾಕೆ ತೊಂದರೆ."

"ನೀರು ಕುದ್ದಾಗಿದೆ ಕಣೋ."

"ಬೇಡ ಅಂದ್ರೆ..."

"ಹಬ್ಬದ ದಿನ. ಎರಡು ಹೋಳು ಕೊಡ್ತೀನಿ. ಕುಡಿ."

"ಸರಿ. ಅರ್ಧ ಕಪ್ಪು ಸಾಕು."

ಅತ್ತೆ ಕೊಕ್ಕೆಯಿಂದ ಎರಡು ಕಪ್ಪು ಇಳಿಸಿ, ಎರಡನ್ನೂ ಅಂಚಿನವರೆಗೆ ತುಂಬಿಸಿದಳು.