ಒಲೆಯ ಮುಂದಿನ ಕುಣಿ

ಸಲೋಮಿ ಕೆಲಸ ಮುಗಿಸಿ ಬೆಂಗೇರಿಯ ಮನೆಗೆ ಬಂದಳು. ಅಡಿಗೆಮನೆಗೆ ಕಾಲಿಟ್ಟವಳು ಕೈಯಲ್ಲಿದ್ದ ಕಾಯಿಪಲ್ಯದ ಚೀಲವನ್ನು ಹಾಗೇ ನೆಲಕ್ಕೆ ಬಿಟ್ಟಳು. ಒಲೆಯ ಮುಂದಿನ ಎರಡು ಹಾಸುಗಲ್ಲು ಎದ್ದು ಗೋಡೆಗೆ ಒರಗಿದ್ದವು. ಮೊಣಕಾಲುದ್ದದ ಕುಣಿಯಲ್ಲಿ ಅವಳ ಗಂಡ ದೇವದಾನ ಹಾರೆ ಹಿಡಿದು ಅಗೆಯುತ್ತ ಬೆವರುತ್ತಿದ್ದ. ಸಕ್ಕರೆ ಡಬ್ಬಿಗೆ ಆನಿಸಿಟ್ಟ ಮೊಬೈಲಿನ ವಿಡಿಯೊ ಕಾಲಿನಲ್ಲಿ ಪ್ರವಾದಿ ಬ್ರದರ್ ಒಬ್ಬರು ಕೂಗುತ್ತಿದ್ದರು.

"ಇನ್ನೂ ಆಳಕ್ಕ ಹೋಗ್ರಿ. ನಿಮ್ಮ ಮಗಳ ಕಣ್ಣು ಕಟ್ಟಿದ ಮಾಟ ಅಲ್ಲೇ ಹೂತೈತಿ. ನನಗ ದರ್ಶನದಾಗ ಕಾಣಾಕತ್ತೈತಿ!"

ಮಗಳು ರೂತಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. ಹುಟ್ಟಿ ಹದಿನಾಲ್ಕು ವರ್ಷವಾದರೂ ತಪ್ಪು ಯಾರದೆಂದು ಹುಡುಕುವವರ ಉಮೇದು ಮಾತ್ರ ಇಳಿದಿರಲಿಲ್ಲ. ಬಸುರಿಯಿದ್ದಾಗ ಸಲೋಮಿ ಗ್ರಹಣದ ಹೊತ್ತು ಹೊರಗೆ ಹೋದಳು ಎಂದಳು ನಾದಿನಿ. ದೇವದಾನನ ಮುತ್ತಜ್ಜ ಕ್ರೈಸ್ತನಾಗುವ ಮೊದಲು ಹೊತ್ತ ಹರಕೆ ಹಾಗೇ ಉಳಿದಿದೆ ಎಂದಳು ಪಕ್ಕದ ಮನೆಯ ಸಾವಕ್ಕ. ಪ್ರಾರ್ಥನಾ ಗುಂಪಿನವರು ಸಲೋಮಿಯ ಸಿಟ್ಟೇ ಕಾರಣವೆಂದರು. ಅವರ ಮಾತು ಕೇಳಿದ ಮೇಲೇ ತನಗೆ ಸಿಟ್ಟು ಬರತೊಡಗಿದ್ದು ಎಂದು ಅವಳು ಯಾರಿಗೆ ಹೇಳಬೇಕು? ಬಂದವರೆಲ್ಲ ರೂತ್ ಮಾಡಿಕೊಟ್ಟ ಚಹಾ ಕುಡಿದು, ಮನೆಯಲ್ಲೊಂದು ಪಾಪ ಇಟ್ಟು ಹೋಗುತ್ತಿದ್ದರು.

ಇಂದು ಸಲೋಮಿಗೆ ಸಾಕುಸಾಕಾಯಿತು. ಫೋನೆತ್ತಿಕೊಂಡಳು.

"ಬ್ರದರ್, ಹುಟ್ಟುಕುರುಡನ್ನ ತೋರ್ಸಿ ಶಿಷ್ಯರು ಯೇಸುಸ್ವಾಮಿಗೆ ಏನು ಕೇಳಿದ್ರು? ನೆನಪೈತೇನ್ರಿ?"

"ಅದು ಆಗಿನ ಮಾತು ತಂಗಿ. ಇದು ನನಗ ಈಗ ಬಂದ ಪ್ರಕಟಣಿ."

"ಯಾರ ಪಾಪಾ ಅಂತ ಕೇಳಿದ್ರು. ಇವಂದೂ ಅಲ್ಲ, ಇವನ ತಾಯಿ-ತಂದೀದೂ ಅಲ್ಲ ಅಂದ ಸ್ವಾಮಿ. ಅಷ್ಟು ಬಿಚ್ಚಿ ಹೇಳಿದ ಮ್ಯಾಲ ನಡುವ ನಿಮ್ಮದೇನ್ರಿ?"

ಉತ್ತರಕ್ಕೆ ಕಾಯದೆ ಫೋನು ಕಟ್ ಮಾಡಿ ಗಂಡನತ್ತ ತಿರುಗಿದಳು. ಪ್ರತಿ ವರ್ಷ ಚರ್ಚಿನ ಭಾನುವಾರದ ಸಾಲೆಯಲ್ಲಿ ಈ ಕಥೆಯನ್ನು ಮಕ್ಕಳಿಗೆ ಕಲಿಸುವವನು ಇದೇ ಮಹಾಶಯ! ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಊರ ಮಕ್ಕಳಿಗೆ ಹೇಳ್ಕೊಡೂದು ಒಂದು, ಮನ್ಯಾಗ ಮಾಡೂದು ಇನ್ನೊಂದೇನ್ರಿ?"

"ನನಗೂ ಗೊತ್ತೈತಿ ಸಲೋಮಿ," ಎಂದ ದೇವದಾನ, ತಲೆ ಎತ್ತದೆ. "ಆದ್ರ ಏನರ ಸಿಕ್ಕಿದ್ರ ತಗದು ಒಗದು ಬಿಡ್ತಿದ್ದೆ. ಇಷ್ಟು ವರ್ಷ ಕೈಕಟ್ಟಿ ಕುಂತು ಕುಂತು ಜೀವ ಸಾಕಾಗೇತಿ."

ಅವಳಿಗೆ ಸಿಟ್ಟಿನ ಜೊತೆಗೇ ಅಳುವೂ ಬಂತು. ಏನಾದರೂ ಅನ್ನುವಷ್ಟರಲ್ಲಿ ಬಾಗಿಲಲ್ಲಿ ರೂತ್ ನಿಂತದ್ದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಪಪ್ಪಾ, ಅಲ್ಲಿ ಏನೂ ಸಿಗಲಿಲ್ಲಂದ್ರ ತಪ್ಪು ನಂದಾ?"

ಸಲೋಮಿ ಬಾಯಿ ತೆರೆದವಳು ತಡೆದುಕೊಂಡಳು. "ನಾ ಹೇಳೂದಿಲ್ಲ. ನೀವ ಹೇಳ್ರಿ," ಎಂದಳು ಗಂಡನಿಗೆ.

ದೇವದಾನ ಹಾರೆ ಕೆಳಗಿಟ್ಟ.

"ನಿಂದಲ್ಲವ್ವಾ. ನಿಮ್ಮವ್ವಂದೂ ಅಲ್ಲ." ಅಂಗೈಯ ಮಣ್ಣನ್ನು ಅಂಗಿಗೆ ಒರೆಸಿಕೊಂಡ. "ನಂದೂ ಅಲ್ಲ."

"ಹಿಂಗಂತ ನೀ ಹೇಳಾಕತ್ತೀಯೋ, ಸ್ವಾಮಿ ಹೇಳ್ಯಾನೋ?"

"ಸ್ವಾಮಿನ ಹೇಳ್ಯಾನವ್ವಾ."

ರೂತ್ ಗೋಡೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು. ಪಾದಕ್ಕೆ ಸಡಿಲ ಮಣ್ಣು ತಾಗಿ ಅಲ್ಲೇ ನಿಂತಳು.

"ಹಂಗಾರ ಕುಣಿ ಮುಚ್ಚು ಪಪ್ಪಾ. ನಾಳೆ ಚಾ ಮಾಡಾಕ ಬಂದ್ರ ಇದರಾಗ ಬೀಳಾಕಿ ನಾನ."