ತಾಯಿ ಒಲ್ಲದ ಮರಿ

ಕುರಿ ಮತ್ತೆ ಒದ್ದಿತು. ಮರಿ ಭತ್ತದ ಹುಲ್ಲಿನ ಮೇಲೆ ಉರುಳಿ, ನಡುಗುತ್ತ ಎದ್ದು, ಪುನಃ ಕೆಚ್ಚಲಿನತ್ತಲೇ ನಡೆಯಿತು. ಗಾಯತ್ರಿಗೆ ಅಳು ಬಂತು.

ಕಂಪ್ಲಿಯ ಕಾಲುವೆ ಪಕ್ಕದ ಈ ಹೊಲಕ್ಕೆ ಐದು ಕುರಿ ಬಂದದ್ದೇ ಅವಳ ಹಟದಿಂದ. ಅತ್ತೆ ನಿಂಗಕ್ಕ ಎಮ್ಮೆ ಸಾಕಿದವಳು. ಕುರಿಯ ವಿಷಯ ಅವಳಿಗೂ ಅಷ್ಟಕ್ಕಷ್ಟೆ. ಸೊಸೆಯಂತೂ ತೋರಣಗಲ್ಲಿನ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಬೆಳೆದು, ಮೊಬೈಲ್ ನೋಡಿ ಕುರಿ ಸಾಕಲು ಹೊರಟವಳು. ಬೆಳಿಗ್ಗೆ ಮೊದಲ ಮರಿ ಹುಟ್ಟಿದ್ದೇ ತಡ, ಮೈತುಂಬ ಲೋಳೆ ಕಂಡು ಅಯ್ಯೋ ಪಾಪ ಎಂದು, ತಾಯಿ ನೆಕ್ಕುವ ಮೊದಲೇ ಬಿಸಿನೀರು, ಸೋಪು ಹಾಕಿ ಎರೆದುಬಿಟ್ಟಿದ್ದಳು. ಮರಿ ಘಮಘಮ ಅನ್ನುತ್ತಿತ್ತು. ತಾಯಿಗೆ ಮಾತ್ರ ಅದು ಯಾರದೋ ಮರಿ.

ಇಬ್ಬರೂ ಸೇರಿ ಕುರಿಯನ್ನು ಅದುಮಿ ಹಿಡಿದು ಒಮ್ಮೆ ಒಂದೆರಡು ಗುಟುಕು ಗಿಣ್ಣದ ಹಾಲು ಕುಡಿಸಿದ್ದರು.

"ಹಿಂಗ ಎಷ್ಟ್ ದಿನ ಹಿಡಕೊಂಡು ಕುಂದ್ರತಿ? ತಾಯಿ ಒಪ್ಪಲಿಲ್ಲಂದ್ರ ಇದು ಉಳಿಯಂಗಿಲ್ಲವ್ವ," ಎಂದಳು ನಿಂಗಕ್ಕ.

ಮರಿಯ ಬೆನ್ನಿಗೆ ಉಪ್ಪು ಸವರಿ ನೋಡಿದರು. ಕುರಿ ಉಪ್ಪನ್ನಷ್ಟು ನೆಕ್ಕಿ ಮರಿಯನ್ನು ಗುಮ್ಮಿತು. ಲೆಕ್ಕದಲ್ಲಿ ಪಕ್ಕಾ ಕುರಿ.

ಆಮೇಲೆ ಅದು ಈದ ಜಾಗಕ್ಕೆ ಹೋಗಿ ನೆಲ ಮೂಸತೊಡಗಿತು. ಗೊರಸಿನಿಂದ ಕೆರೆದು, ಗಂಟಲೊಳಗೇ ಮೆಲ್ಲಗೆ ಕರೆಯಿತು.

"ಅತ್ತಿ, ಅದು ಏನ್ ಹುಡಕಾಕತ್ತೈತಿ ನೋಡ್ರಿ."

"ಮರೀನ."

"ಮರಿ ಇಲ್ಲೇ ಹಿಂದ ಐತಲ್ರಿ."

"ನೀ ತೊಳದ ಮರಿ ಅಲ್ಲವ್ವ. ತಾ ಹಡದ ಮರಿ."

ಗಾಯತ್ರಿ ಮರಿಯನ್ನು ಮಡಿಲಿಗೆ ಎಳೆದುಕೊಂಡು, ಆ ಕುರಿಯ ಮೂಗು ಹೋದಲ್ಲೆಲ್ಲ ಕಣ್ಣು ನೆಟ್ಟು ಕೂತಳು.

ಬಿಸಿಲೇರಿದ ಮೇಲೆ ಕುರಿಯ ಹೊಟ್ಟೆಯಿಂದ ಮಾಸು ಬಿತ್ತು, ಬೆಳಿಗ್ಗೆ ಮರಿಯ ಮೈಮೇಲಿದ್ದ ಅದೇ ಲೋಳೆ ಸುತ್ತಿಕೊಂಡು. ನಿಂಗಕ್ಕ ಅದನ್ನು ಹೂಳಲು ಗುದ್ದಲಿ ತಂದಳು.

"ತಡೀರಿ ಅತ್ತಿ. ಹೂಳಬ್ಯಾಡ್ರಿ."

ಗಾಯತ್ರಿ ಅದನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಮರಿಯ ತಲೆ, ಬೆನ್ನು, ಬಾಲಕ್ಕೆಲ್ಲ ಸವರಿದಳು.

"ಏನ್ ಮಾಡಾಕತ್ತಿ?"

"ಗೊತ್ತಿಲ್ರಿ. ನೋಡೂಣು."

ಕುರಿ ತಲೆಯೆತ್ತಿತು. ಹತ್ತಿರ ಬಂದು ಮರಿಯ ಬಾಲ ಮೂಸಿತು, ಇನ್ನೊಮ್ಮೆ ಮೂಸಿತು, ನೆಕ್ಕಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದಾಗ ಒದೆಯಲಿಲ್ಲ. ಮರಿಯ ಪುಟ್ಟ ಬಾಲ ಪಟಪಟ ಅಲುಗತೊಡಗಿತು.

ನಿಂಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಎದ್ದು ಕೈ ತೊಳಕೋ ಹೋಗು," ಎಂದಳು.

ಗಾಯತ್ರಿ ಏಳಲು ನೆಲಕ್ಕೆ ಕೈ ಊರಿದಳು. ಅಷ್ಟರಲ್ಲಿ ಕುರಿ ಕತ್ತು ಚಾಚಿ ಆ ಕೈಯನ್ನು ಮೂಸಿತು. ಆಮೇಲೆ, ಗಂಟಲೊಳಗೇ ಮೆಲ್ಲಗೆ ಕರೆಯುತ್ತ, ಅವಳ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಗಾಯತ್ರಿ ಏಳಲಿಲ್ಲ.